ಕಾರ್ಡ್ ಜೇಬಿನಲ್ಲಿತ್ತು, ಇಕಾಮಾ ಮುಗಿದಿತ್ತು

2022ರ ಮೇ ತಿಂಗಳ ಒಂದು ಗುರುವಾರ ರಾತ್ರಿ. ಸೌದಿಯ ಜುಬೈಲ್‌ನಲ್ಲಿ ಸಂಬಳದ ದಿನ ಎಟಿಎಂ ಎದುರು ಉದ್ದ ಸಾಲು ಇರುತ್ತದೆ. ನನ್ನ ಸರದಿ ಬಂತು, ಕಾರ್ಡ್ ಹಾಕಿದೆ, ಪಿನ್ ಒತ್ತಿದೆ. ದುಡ್ಡು ಬರಲಿಲ್ಲ. ಸಂಜೆಯೇ ಬ್ಯಾಂಕಿನಿಂದ ಅರಬ್ಬಿಯಲ್ಲಿ ಒಂದು ಮೆಸೇಜ್ ಬಂದಿತ್ತು. ಜಾಹೀರಾತು ಇರಬೇಕು ಎಂದು ಬಿಟ್ಟಿದ್ದೆ. ಹಿಂದೆ ನಿಂತಿದ್ದ ಸುಡಾನಿ ಅದನ್ನು ಓದಿ ಹೇಳಿದ, "ನಿನ್ನ ಇಕಾಮಾ ಮುಗಿದಿದೆ, ಅದಕ್ಕೆ ಅಕೌಂಟ್ ನಿಲ್ಲಿಸಿದ್ದಾರೆ."

ನಾನು ಪರ್ಸ್ ತೆಗೆದು ಇಕಾಮಾ ಕಾರ್ಡ್ ತೋರಿಸಿದೆ. ಅವನು ನಕ್ಕ.

ನಗುವುದಕ್ಕೆ ಕಾರಣ ಇತ್ತು. ಇಕಾಮಾ ಅಂದರೆ ಸೌದಿಯಲ್ಲಿ ಇರಲು, ಕೆಲಸ ಮಾಡಲು ಕೊಡುವ ಗುರುತಿನ ಚೀಟಿ. 2015ರ ಕೊನೆಯಿಂದ ಕೊಡಲು ಶುರು ಮಾಡಿದ ಕಾರ್ಡ್ 5 ವರ್ಷದ್ದು. ಆದರೆ ಒಳಗಿನ ಪರವಾನಗಿಯನ್ನು ಕಂಪನಿ ಆಗಾಗ ಆನ್‌ಲೈನ್‌ನಲ್ಲಿ ನವೀಕರಿಸುತ್ತಿರಬೇಕು. ಅದು ಎಂದು ಮುಗಿಯುತ್ತದೆ ಎಂದು ಕಾರ್ಡ್ ನೋಡಿದರೆ ತಿಳಿಯುವುದಿಲ್ಲ. ಅದು ಇರುವುದು ಸರ್ಕಾರದ ಅಬ್ಶರ್ ಆ್ಯಪ್‌ನಲ್ಲಿ. ನಾಲ್ಕೂವರೆ ವರ್ಷ ನಾನು ಬರೀ ಪ್ಲಾಸ್ಟಿಕ್ಕನ್ನು ನಂಬಿಕೊಂಡಿದ್ದೆ.

ನನ್ನ ಊರು ಪುತ್ತೂರಿನ ಹತ್ತಿರ. ಐಟಿಐ ಮುಗಿಸಿ, ಇನ್ಸ್ಟ್ರುಮೆಂಟ್ ಕೆಲಸ ಕಲಿತು, 2017ರ ಆಗಸ್ಟಿನಲ್ಲಿ ಜುಬೈಲ್‌ಗೆ ಹೋದೆ. ಮುಂಬಯಿಯಲ್ಲಿ ಟ್ರೇಡ್ ಟೆಸ್ಟ್, ಮಂಗಳೂರಲ್ಲಿ ಗ್ಯಾಮ್ಕಾ, ಅಂದರೆ ಗಲ್ಫ್‌ಗೆ ಹೋಗುವವರ ಮೆಡಿಕಲ್ ಪರೀಕ್ಷೆ. ಏಜೆಂಟ್ 85,000 ರೂಪಾಯಿ ತೆಗೆದುಕೊಂಡು ರಶೀದಿ ಕೊಟ್ಟಿದ್ದು 30,000ಕ್ಕೆ. ಕಾನೂನಿನಲ್ಲಿ ಏಜೆಂಟ್ 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ರಶೀದಿ ಯಾಕೆ ಅಷ್ಟಕ್ಕೇ ಇತ್ತು ಎಂದು ಆಗ ಅರ್ಥವಾಯಿತು. ಹತ್ತನೇ ತರಗತಿ ಪಾಸಾದ ಕಾರಣ ನನ್ನದು ಇಸಿಎನ್‌ಆರ್ ಪಾಸ್‌ಪೋರ್ಟ್. ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಿಲ್ಲ ಎಂದು ಆಗ ಖುಷಿಪಟ್ಟಿದ್ದೆ. ಆದರೆ ಓದದವನ ಕಾಂಟ್ರಾಕ್ಟನ್ನಾದರೂ ಕ್ಲಿಯರೆನ್ಸ್ ಕೊಡುವಾಗ ಸರ್ಕಾರದವರು ಒಮ್ಮೆ ನೋಡುತ್ತಾರೆ. ನನ್ನದನ್ನು ಯಾರೂ ನೋಡಲಿಲ್ಲ, ನಾನೂ ಸರಿಯಾಗಿ ನೋಡಲಿಲ್ಲ. ವೀಸಾದಲ್ಲಿ ಹುದ್ದೆ 'ಪೈಪ್ ಫಿಟ್ಟರ್' ಎಂದಿತ್ತು. ಕಂಪನಿಯ ಹತ್ತಿರ ಉಳಿದಿದ್ದ ವೀಸಾ ಅದು. ಇಕಾಮಾದ ಮೇಲಿರುವ ಹುದ್ದೆ ಬಿಟ್ಟು ಬೇರೆ ಕೆಲಸ ಮಾಡಿಸುವುದು ಅಲ್ಲಿ ತಪ್ಪು. ಅದನ್ನು ಸರಿ ಮಾಡಿಸಲು ಕಂಪನಿಯ ಹಿಂದೆ ಒಂದು ವರ್ಷ ಅಲೆದೆ.

ಎಟಿಎಂ ವಿಷಯಕ್ಕೆ ಬರುತ್ತೇನೆ. ರೂಮಿಗೆ ಬಂದು ಅಬ್ಶರ್ ತೆರೆಯಲು ಹೋದರೆ ಒಟಿಪಿ ಬರುತ್ತಿಲ್ಲ. ಅದರಲ್ಲಿ ಇದ್ದದ್ದು ನನ್ನ ಹಳೆಯ ನಂಬರ್, ಆ ಸಿಮ್ ಎಂದೋ ಬಂದ್ ಆಗಿತ್ತು. ಈಗ ಬಳಸುತ್ತಿದ್ದ ಸಿಮ್ ಊರಿಗೆ ಹೋದ ರೂಂಮೇಟ್‌ನ ಹೆಸರಲ್ಲಿತ್ತು. ಹೊಸ ಸಿಮ್ ಬೇಕೆಂದರೆ ಅಂಗಡಿಯಲ್ಲಿ ಬೆರಳಚ್ಚು ಕೊಡಬೇಕು, ಅದಕ್ಕೆ ಚಾಲ್ತಿಯಲ್ಲಿರುವ ಇಕಾಮಾ ಬೇಕು. ನನ್ನದೇ ಮುಗಿದಿದೆ! ಕೊನೆಗೆ ಹಳೆಯ ಸಿಮ್ಮಿನ ಕಂಪನಿಯ ಅಂಗಡಿಗೆ ಮೂರು ಸಲ ಹೋಗಿ, ಅದೇ ನಂಬರನ್ನು ಮತ್ತೆ ಶುರು ಮಾಡಿಸಿಕೊಂಡೆ. ಅಷ್ಟಕ್ಕೇ ಹತ್ತು ದಿನ ಹೋಯಿತು. ಈ ಇಡೀ ಕತೆಯಲ್ಲಿ ನನ್ನನ್ನು ಜಾಸ್ತಿ ಸತಾಯಿಸಿದ್ದು ಕಾನೂನಲ್ಲ, ಆ ಸಿಮ್.

ಅಬ್ಶರ್ ತೆರೆದಾಗ ಎಲ್ಲ ಗೊತ್ತಾಯಿತು. ಫೆಬ್ರವರಿಯಲ್ಲಿ ನವೀಕರಣ ಆಗಿದೆ ಎಂದು ಕಂಪನಿಯ ಮಂದೂಬ್ ಹೇಳಿದ್ದ. ಸರ್ಕಾರಿ ಕಚೇರಿಗಳ ಕೆಲಸ ನೋಡಿಕೊಳ್ಳುವವನನ್ನು ಅಲ್ಲಿ ಮಂದೂಬ್ ಅನ್ನುತ್ತಾರೆ. ಆಗಿದ್ದು ನಿಜ, ಆದರೆ ಮೂರೇ ತಿಂಗಳಿಗೆ. 2021ರ ಕೊನೆಯಿಂದ 3, 6, 9 ಅಥವಾ 12 ತಿಂಗಳಿಗೆ ಇಕಾಮಾ ಮಾಡಿಸಲು ಅವಕಾಶ ಕೊಟ್ಟಿದ್ದರು. ನಾನು ಹಿಂದಿನಂತೆ ಒಂದು ವರ್ಷ ಎಂದುಕೊಂಡು ಸುಮ್ಮನಿದ್ದೆ.

ಮಂದೂಬ್‌ಗೆ ಫೋನ್ ಮಾಡಿದೆ. "ಬುಕ್ರಾ" ಅಂದ. ನಾಳೆ. ಮರುದಿನವೂ ಬುಕ್ರಾ. ಮೂರು ವಾರ ಬುಕ್ರಾ.

ಅವನನ್ನು ಬೈದು ಪ್ರಯೋಜನ ಇರಲಿಲ್ಲ. ಲೆಕ್ಕ ನೋಡಿ. ಸೌದಿಗಳಿಗಿಂತ ಹೊರಗಿನವರು ಜಾಸ್ತಿ ಇರುವ ಕಂಪನಿ ಒಬ್ಬೊಬ್ಬ ಕೆಲಸಗಾರನಿಗೆ ತಿಂಗಳಿಗೆ 800 ರಿಯಾಲ್ ಲೆವಿಯನ್ನು ಸರ್ಕಾರಕ್ಕೆ ಕಟ್ಟಬೇಕು. ವರ್ಷಕ್ಕೆ 9,600. ಇಕಾಮಾ ಶುಲ್ಕ 650. ಇನ್ಶೂರೆನ್ಸ್ ಬೇರೆ. ನಮ್ಮಲ್ಲಿ 140 ಜನ ಇದ್ದೆವು. ಇನ್ಶೂರೆನ್ಸ್ ಬಿಟ್ಟೇ ವರ್ಷಕ್ಕೆ 14 ಲಕ್ಷ ರಿಯಾಲ್ ದಾಟುತ್ತದೆ. ನಮ್ಮದು ಜನ ಒದಗಿಸುವ ಸಣ್ಣ ಕಂಪನಿ. ದೊಡ್ಡ ಪ್ಲಾಂಟ್‌ನವರು ಬಿಲ್ ಹಣ ಕೊಡುವುದು ತಡವಾದರೆ ಮೊದಲು ನಿಲ್ಲುವುದೇ ಇಕಾಮಾ. ಸಂಬಳ ನಿಲ್ಲಿಸಿದರೆ ಜನ ಅದೇ ದಿನ ಗಲಾಟೆ ಮಾಡುತ್ತಾರೆ. ಇಕಾಮಾ ನಿಂತರೆ ಎರಡು ತಿಂಗಳು ಯಾರಿಗೂ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ನಮ್ಮ ಕಂಪನಿ 'ಕೆಂಪು'ಗೆ ಬಿದ್ದಿತ್ತು. 2011ರಿಂದ ಇರುವ ನಿತಾಕತ್ ವ್ಯವಸ್ಥೆಯಲ್ಲಿ ಸಾಕಷ್ಟು ಸೌದಿಗಳನ್ನು ಕೆಲಸಕ್ಕೆ ಇಟ್ಟುಕೊಳ್ಳದ ಕಂಪನಿಗೆ ಕೆಂಪು ಬಣ್ಣ. ಕೆಂಪಾದರೆ ದುಡ್ಡಿದ್ದರೂ ಕೆಲಸದ ಪರವಾನಗಿ ನವೀಕರಿಸಲು ಬಿಡುವುದಿಲ್ಲ. ಪಾಪ, ಮಂದೂಬ್ ಬುಕ್ರಾ ಅನ್ನದೆ ಇನ್ನೇನು ಹೇಳಿಯಾನು?

ಆ ದಿನಗಳು ಹೇಗಿದ್ದವು ಅಂದರೆ, ಊರಿಗೆ ಹಣ ಕಳಿಸುವಂತಿಲ್ಲ. ಇನ್ಶೂರೆನ್ಸ್ ಇಲ್ಲ. ಅಮ್ಮನಿಗೆ ಹುಷಾರಿಲ್ಲ ಎಂದರೂ ಎಕ್ಸಿಟ್ ರೀ-ಎಂಟ್ರಿ ಸಿಗುವುದಿಲ್ಲ, ಅಂದರೆ ಹೋಗಿ ವಾಪಸ್ ಬರುವಂತಿಲ್ಲ. ದಮ್ಮಾಮ್ ರಸ್ತೆಯಲ್ಲಿ ಚೆಕ್‌ಪೋಸ್ಟ್ ಇದೆ ಎಂದು ಐದು ವಾರ ಜುಬೈಲ್ ಬಿಟ್ಟು ಹೊರಗೆ ಹೋಗಲಿಲ್ಲ. ನವೀಕರಣ ತಡವಾದರೆ ಮೊದಲ ಸಲ 500 ರಿಯಾಲ್ ದಂಡ, ಎರಡನೇ ಸಲ 1,000. ಇಕಾಮಾದ ಶುಲ್ಕವೂ ದಂಡವೂ ಕಂಪನಿಯದ್ದೇ ಹೊಣೆ ಎಂದು ಕಾರ್ಮಿಕ ಕಾನೂನಿನ 40ನೇ ಕಲಮಿನಲ್ಲಿದೆ. ಆದರೆ ಮೂರನೇ ಸಲಕ್ಕೆ ಗಡೀಪಾರು. ಅದು ಮಾತ್ರ ಕಂಪನಿಗಲ್ಲ, ಕೆಲಸಗಾರನಿಗೆ. ಇದು ಯಾವ ನ್ಯಾಯ ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ನಾನು ಕೆಲಸಕ್ಕೆ ಹೋಗುವುದನ್ನು ನಿಲ್ಲಿಸುವವನಿದ್ದೆ. ಇಕಾಮಾ ಇಲ್ಲದೆ ಯಾಕೆ ದುಡಿಯಬೇಕು ಎಂಬ ಸಿಟ್ಟು. ತಡೆದವರು ನಮ್ಮ ಮೆಸ್ಸಿನ ಕಾಕ. ಉಳ್ಳಾಲದ ಕಡೆಯವರು, 26 ವರ್ಷದಿಂದ ಜುಬೈಲ್‌ನಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು ಮಾಡಿ ಹಾಕುತ್ತಿದ್ದಾರೆ. ಓದಿದ್ದು ನಾಲ್ಕನೇ ಕ್ಲಾಸ್. ಇಕಾಮಾ ವಿಷಯದಲ್ಲಿ ಅವರು ವಕೀಲರಿದ್ದಂತೆ.

"ಎಂತ ಮಾರಾಯ, ತಲೆ ಸರಿ ಉಂಟಾ ನಿಂಗೆ?" ಅಂದರು. "ಎರಡು ದಿನ ಕೆಲಸಕ್ಕೆ ಹೋಗದಿದ್ದರೆ ಅವರು ಹುರೂಬ್ ಹಾಕುತ್ತಾರೆ. ಆಮೇಲೆ ತಪ್ಪು ಅವರದ್ದಲ್ಲ, ನಿನ್ನದು. ದಿನಾ ಹೋಗು. ಹಾಜರಿ ಪಟ್ಟಿಯ ಫೋಟೊ ತೆಗಿ."

ಹುರೂಬ್ ಅಂದರೆ ಓಡಿಹೋದವ. ಕಫೀಲ್, ಅಂದರೆ ಯಾರ ಹೆಸರಲ್ಲಿ ವೀಸಾ ಇದೆಯೋ ಆ ಮಾಲೀಕ, ಆನ್‌ಲೈನ್‌ನಲ್ಲಿ ಹಾಗೆಂದು ವರದಿ ಹಾಕಿದರೆ ಸಾಕು, ಕೆಲಸಗಾರ ಅಪರಾಧಿಯಾಗಿಬಿಡುತ್ತಿದ್ದ. 2022ರ ಅಕ್ಟೋಬರಿನ ಮೇಲೆ ಹೀಗೆ ಗೈರು ಎಂದು ವರದಿಯಾದವನಿಗೆ ಬೇರೆ ಕಂಪನಿಗೆ ಸೇರಲು ಅಥವಾ ದೇಶ ಬಿಡಲು 60 ದಿನ ಕೊಡುವ ನಿಯಮ ಬಂತು. ನನ್ನ ಹೊತ್ತಿಗೆ ಅದೂ ಇರಲಿಲ್ಲ. ಕಾಕನ ಮಾತು ಕೇಳಿದ್ದರಿಂದ ನಾನು ಉಳಿದೆ. ದಿನಾ ಐದು ಗಂಟೆಗೆ ಎದ್ದು ಬಸ್ ಹತ್ತಿದೆ, ಟೈಂಶೀಟ್‌ನ ಫೋಟೊ ತೆಗೆದು ತಂಗಿಗೆ ವಾಟ್ಸಾಪ್ ಮಾಡಿದೆ. ಮೊಬೈಲ್ ಕಳೆದರೂ ಫೋಟೊ ಉಳಿಯಲಿ ಎಂದು. ಅವಳು ಒಂದು ದಿನ ಕೇಳಿದಳು, "ಅಣ್ಣ, ಈ ಚೀಟಿ ಎಲ್ಲ ನನಗೆ ಯಾಕೆ?" ಮನೆಯಲ್ಲಿ ಹೇಳಿರಲಿಲ್ಲ ನಾನು.

ದಾರಿ ತೋರಿಸಿದವರೂ ಕಾಕನೇ. ಮೊದಲೆಲ್ಲ ಕಂಪನಿ ಬದಲಾಯಿಸಲು ಹಳೆ ಕಫೀಲ್ ಸಹಿ ಬೇಕಿತ್ತು. ಆ ಸಹಿಗೇ ಸಾವಿರಾರು ರಿಯಾಲ್ ಕೇಳುತ್ತಿದ್ದರು. 2021ರ ಮಾರ್ಚ್ 14ರಿಂದ ನಿಯಮ ಬದಲಾಯಿತು. ಒಂದು ವರ್ಷ ಕೆಲಸ ಮಾಡಿದವನು ನೋಟಿಸ್ ಕೊಟ್ಟು ಬೇರೆ ಕಡೆ ಹೋಗಬಹುದು. ಇಕಾಮಾ ಅಥವಾ ಕೆಲಸದ ಪರವಾನಗಿ ಮುಗಿದಿದ್ದರೆ, ಇಲ್ಲವೇ ಸತತ ಮೂರು ತಿಂಗಳು ಸಂಬಳ ಕೊಡದಿದ್ದರೆ, ಅಷ್ಟೂ ಕಾಯಬೇಕಿಲ್ಲ. ಹಳೆ ಕಂಪನಿಯ ಒಪ್ಪಿಗೆಯೇ ಬೇಡ. ಅಂದರೆ ನನ್ನನ್ನು ಮುಳುಗಿಸಿದ ಇಕಾಮಾವೇ ನನ್ನ ಬಿಡುಗಡೆಯ ಚೀಟಿ. ಇದು ಗೊತ್ತಿಲ್ಲದೆ ನನ್ನ ಜೊತೆಗಿದ್ದ ಹತ್ತಾರು ಜನ ಇನ್ನೂ ಮಂದೂಬ್‌ನ ಫೋನಿಗೆ ಕಾಯುತ್ತಿದ್ದರು.

ಹಿಂದೆ ಶಟ್‌ಡೌನ್ ಕೆಲಸದಲ್ಲಿ, ಅಂದರೆ ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವಾಗ, ಪರಿಚಯವಾದ ಒಬ್ಬ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅವರ ಕಂಪನಿಯಲ್ಲಿ ಜಾಗ ಇತ್ತು. ನಾನು ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ. "ನಿಮ್ಮ ಕಂಪನಿಯ ಬಣ್ಣ ಯಾವುದು?" ಹಸಿರು ಅಂದರು. ಕೆಂಪು ಕಂಪನಿಯ ಆಫರ್ ಹಿಡಿದುಕೊಂಡು ಓಡಾಡಿದರೆ ಸಮಯ ಹಾಳು.

ನಕಲ್ ಕಫಾಲಾ, ಅಂದರೆ ಒಬ್ಬ ಕಫೀಲ್‌ನಿಂದ ಇನ್ನೊಬ್ಬನಿಗೆ ವರ್ಗಾವಣೆ, ಈಗ ಕಿವಾ ಎಂಬ ಸರ್ಕಾರಿ ವೆಬ್‌ಸೈಟ್‌ನಲ್ಲೇ ಆಗುತ್ತದೆ. ಹೊಸ ಕಂಪನಿ ಅದರಲ್ಲಿ ಅರ್ಜಿ ಹಾಕುತ್ತದೆ, ನಮ್ಮ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ನಾವು ಒಳಗೆ ಹೋಗಿ ಒಪ್ಪಬಹುದು, ಬೇಡ ಎನ್ನಬಹುದು, ತಿದ್ದಲು ಕೇಳಬಹುದು. ತುಂಬಾ ಜನ ಮೆಸೇಜ್ ಬಂದ ಖುಷಿಗೆ ಒಪ್ಪಿಗೆ ಒತ್ತಿಬಿಡುತ್ತಾರೆ. ನಾನು ಕಾಂಟ್ರಾಕ್ಟ್ ಪೂರ್ತಿ ಓದಿದೆ. ಬಾಯಲ್ಲಿ ಬೇಸಿಕ್ 2,200 ಅಂದಿದ್ದರು, ಕಾಂಟ್ರಾಕ್ಟ್‌ನಲ್ಲಿ 2,000 ಇತ್ತು. ತಿದ್ದಲು ಕೇಳಿದೆ. ಕೈ ನಡುಗುತ್ತಿತ್ತು, ಸಿಟ್ಟಾಗಿ ಅರ್ಜಿಯನ್ನೇ ಹಿಂದಕ್ಕೆ ತೆಗೆದುಕೊಂಡರೆ? ಎರಡು ದಿನ ಉಸಿರು ಹಿಡಿದುಕೊಂಡಿದ್ದೆ. ತಿದ್ದಿ ಕಳಿಸಿದರು. ಟೈಪ್ ಮಾಡುವಾಗ ತಪ್ಪಾಯಿತಂತೆ!

ಮೊದಲ ಸಲದ ವರ್ಗಾವಣೆಗೆ 2,000 ರಿಯಾಲ್ ಶುಲ್ಕ. ಎರಡನೇ ಸಲ 4,000, ಮೂರನೇ ಸಲ 6,000. ಅದನ್ನು ಹೊಸ ಕಂಪನಿಯೇ ಕಟ್ಟಬೇಕು, ಕಟ್ಟಿತು. ನಿಮ್ಮ ಸಂಬಳದಲ್ಲಿ ಹಿಡಿಯುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಜೂನ್ ಕೊನೆಯ ವಾರ ಅಬ್ಶರ್‌ನಲ್ಲಿ ಹೊಸ ಕಂಪನಿಯ ಹೆಸರು, ಮುಂದಿನ ತಾರೀಕು ಎರಡೂ ಬಂದವು. ಆ ರಾತ್ರಿ ಕಾಕನ ಮೆಸ್ಸಿನಲ್ಲಿ ಎಲ್ಲರಿಗೂ ಪಾಯಸ ನನ್ನ ಲೆಕ್ಕದಲ್ಲಿ.

ಹಳೆ ಕಂಪನಿಯಿಂದ ಸರ್ವಿಸ್ ಹಣ ಬರಬೇಕಿತ್ತು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ ಎಂದು ಕಾನೂನು. ನನ್ನ ಬೇಸಿಕ್ 1,800. ಹೆಚ್ಚುಕಡಿಮೆ 4 ವರ್ಷ 10 ತಿಂಗಳಿಗೆ, ಬೇಸಿಕ್ ಲೆಕ್ಕದಲ್ಲಿ 4,350 ಆಗುತ್ತದೆ. ನೀನಾಗಿ ಬಿಟ್ಟು ಹೋದವನು, ಮೂರನೇ ಒಂದು ಭಾಗ ಮಾತ್ರ ಎಂದು 1,450 ಕೊಡಲು ಬಂದರು. ಎರಡರಿಂದ ಐದು ವರ್ಷದೊಳಗೆ ರಾಜೀನಾಮೆ ಕೊಟ್ಟರೆ ಅವರ ಮಾತು ಸರಿ. ಆದರೆ ಕಂಪನಿಯೇ ತನ್ನ ಕರ್ತವ್ಯ ಮಾಡದೆ ಕೆಲಸಗಾರ ಹೋದರೆ ಪೂರ್ತಿ ಹಣ ಕೊಡಬೇಕು. ಕಾರ್ಮಿಕ ಕೋರ್ಟಿಗೆ ಹೋಗುವ ಮೊದಲು ರಾಜಿ ಮಾಡಿಸುವ ವ್ಯವಸ್ಥೆ ಇದೆ, ಅರ್ಜಿ ಆನ್‌ಲೈನ್‌ನಲ್ಲೇ. ಕೆಲಸ ಬಿಟ್ಟು ಒಂದು ವರ್ಷದೊಳಗೆ ಹಾಕಬೇಕು. ಎರಡನೇ ಸಲ ಕೂತಾಗ, ಇಕಾಮಾ ಮುಗಿದ ತಾರೀಕಿನ ಸ್ಕ್ರೀನ್‌ಶಾಟ್, ತಂಗಿಯ ಮೊಬೈಲ್‌ನಲ್ಲಿದ್ದ ಟೈಂಶೀಟ್ ಎಲ್ಲ ತೋರಿಸಿದೆ. 4,000ಕ್ಕೆ ಒಪ್ಪಿಕೊಂಡೆ. 350ಕ್ಕಾಗಿ ಕೋರ್ಟ್ ಹತ್ತುವ ಸಹನೆ ನನ್ನಲ್ಲಿ ಇರಲಿಲ್ಲ.

ಈಗ ತಿಂಗಳ ಮೊದಲ ಶುಕ್ರವಾರ ಅಬ್ಶರ್ ನೋಡುತ್ತೇನೆ, ದೇವರಿಗೆ ದೀಪ ಹಚ್ಚಿದ ಹಾಗೆ. ಇಕಾಮಾ ತಾರೀಕು, ಹುದ್ದೆ, ಇನ್ಶೂರೆನ್ಸ್, ಪಾಸ್‌ಪೋರ್ಟ್ ನಂಬರ್. ಕಳೆದ ಸಲ ಪಾಸ್‌ಪೋರ್ಟ್ ಹೊಸದು ಮಾಡಿಸಿದಾಗ 'ನಕಲ್ ಮಾಲೂಮಾತ್' ಅದೇ ವಾರ ಮಾಡಿಸಿದೆ. ಅಂದರೆ ಹೊಸ ಪಾಸ್‌ಪೋರ್ಟ್ ನಂಬರನ್ನು ಇಕಾಮಾಕ್ಕೆ ಸೇರಿಸುವುದು. ಇದನ್ನು ಮರೆತು ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದವರು ನನಗೇ ಇಬ್ಬರು ಗೊತ್ತು. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ 11 ದಿನ ಚಿಕ್ಕದು, ಹಾಗಾಗಿ ಗೋಡೆಯ ಮೇಲೆ ಎರಡೂ ತಾರೀಕು ಬರೆದಿಟ್ಟಿದ್ದೇನೆ.

ಕಳೆದ ತಿಂಗಳು ಅಕ್ಕ ಫೋನ್ ಮಾಡಿದ್ದಳು. ಅವಳ ಮಗನಿಗೆ ಒಬ್ಬರು ಸೌದಿಗೆ 'ಫ್ರೀ ವೀಸಾ' ಕೊಡಿಸುತ್ತಾರಂತೆ, ಒಂದೂವರೆ ಲಕ್ಷ. ಬಂದ ಮೇಲೆ ಎಲ್ಲಿ ಬೇಕಾದರೂ ದುಡಿಯಬಹುದಂತೆ. ಹಾಗೊಂದು ವೀಸಾ ಸೌದಿಯಲ್ಲಿ ಇಲ್ಲವೇ ಇಲ್ಲ. ಒಬ್ಬ ಕಫೀಲ್ ಹೆಸರಲ್ಲಿ ಬಂದು ಇನ್ನೊಬ್ಬನ ಹತ್ತಿರ ಕೆಲಸ ಮಾಡಿದರೆ ಇಬ್ಬರದ್ದೂ ತಪ್ಪು. ವೀಸಾದ ಕಾಪಿ ಕಳಿಸಲು ಹೇಳಿದೆ. ಬಂತು. ಹುದ್ದೆಯ ಜಾಗದಲ್ಲಿ 'ಹೌಸ್ ಡ್ರೈವರ್' ಎಂದಿತ್ತು. ಮನೆಗೆಲಸದವರಿಗೆ 2021ರ ಆ ನಿಯಮ ಅನ್ವಯಿಸುವುದೇ ಇಲ್ಲ. ನಾನು ಹಿಡಿದ ಆ ನಿಯಮ ಅವನಿಗೆ ಸಿಗುವುದಿಲ್ಲ.

"ಅಕ್ಕ, ಅವನಿಗೆ ಕಾರ್ ಓಡಿಸಲು ಬರುತ್ತದಾ?" ಎಂದು ಕೇಳಿದೆ.

"ಎಲ್ಲಿ ಮಾರಾಯ, ಸ್ಕೂಟಿಯಲ್ಲೇ ಎರಡು ಸಲ ಬಿದ್ದಿದ್ದಾನೆ" ಅಂದಳು.