ಬಿಸಿಯೂಟದ ಸಾಂಬಾರಿಗೆ ನುಗ್ಗೆ ಸೊಪ್ಪು: ನಮ್ಮ ಶಾಲೆಯ ಕೈತೋಟದ ಅನುಭವ

ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಕೈತೋಟದ ಮಾತು ಬಂದಾಗಲೆಲ್ಲ ಬೇರೆ ಶಾಲೆಯವರು "ಮೇಷ್ಟ್ರೇ, ದಸರಾ ರಜೆ ಮುಗಿಯೋದ್ರೊಳಗೆ ಒಣಗಿ ಹೋಗುತ್ತೆ ಬಿಡಿ" ಎನ್ನುತ್ತಿದ್ದರು. ಈಗ ಅವರೇ ನುಗ್ಗೆ ಬೀಜ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರಿನ ಮಕ್ಕಳೆಲ್ಲ ಕೂಲಿ ಮನೆಯವರು. ಅನ್ನಭಾಗ್ಯದ ಅಕ್ಕಿ ಮನೆಯಲ್ಲಿರುತ್ತದೆ, ತರಕಾರಿ ಇರುವುದಿಲ್ಲ. ಶಾಲೆಯಲ್ಲೂ ಅದೇ ಕಥೆ. ಅಕ್ಕಿ, ಬೇಳೆ, ಎಣ್ಣೆ ಬಂದು ಬೀಳುತ್ತವೆ, ತರಕಾರಿ ಮಾತ್ರ ನಾವೇ ಹೊಂದಿಸಬೇಕು. ಚಿಕ್ಕವರಿಗೆ 50 ಗ್ರಾಂ, ಆರರಿಂದ ಎಂಟನೇ ತರಗತಿಯವರಿಗೆ 75 ಗ್ರಾಂ ಅಂದರೆ, ನಮ್ಮ 110 ಮಕ್ಕಳಿಗೆ ದಿನಕ್ಕೆ ಹೆಚ್ಚುಕಮ್ಮಿ 6.5 ಕೆಜಿ. 2025ರ ಮೇನಲ್ಲಿ ದಿನದ ಅಡುಗೆ ವೆಚ್ಚ ಚಿಕ್ಕ ಮಗುವಿಗೆ 6.78, ದೊಡ್ಡ ಮಗುವಿಗೆ 10.17 ರೂಪಾಯಿಗೆ ಏರಿತು ನಿಜ. ಬೇಳೆ, ಎಣ್ಣೆಯ ಪಾಲು ಕಳೆದು ತರಕಾರಿಗೆ ಎಷ್ಟು ಉಳಿಯುತ್ತದೆ ಅಂತ ನಿಮಗೇ ಗೊತ್ತು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದಾಗ ನಮಗೆ ಹುಣಸೆಹಣ್ಣೇ ಗತಿಯಾಗಿತ್ತು.

ಮೊದಲು ಬದನೆ, ಬೀನ್ಸ್, ಟೊಮೆಟೊ ಹಾಕಿದೆವು. ಸಸಿ, ಗೊಬ್ಬರ, ಪೈಪು ಸೇರಿ ನಾಲ್ಕು ಸಾವಿರದಷ್ಟು ಹೋಯಿತು. ಕಾಯಿ ಬಿಡುವ ಹೊತ್ತಿಗೆ ಸರಿಯಾಗಿ ದಸರಾ ರಜೆ. ನೀರು ಹಾಕುವವರಿಲ್ಲ, ಮೇಕೆಗಳಿಗೆ ಹಬ್ಬ. ಮರುವರ್ಷ ಬೇಲಿ ಹಾಕಿದರೂ ಬೇಸಿಗೆ ರಜೆ ದಾಟಲಿಲ್ಲ. ಆಮೇಲೆ ನರೇಗಾದಲ್ಲಿ ಕಾಂಪೌಂಡ್ ಆಯಿತು, ಮೇಕೆ ಕಾಟ ನಿಂತಿತು.

ರಜೆಯಲ್ಲಿ ಯಾರೂ ನೋಡದಿದ್ದರೂ ಬದುಕುವ ಗಿಡವೇ ಶಾಲೆಗೆ ಬೇಕು. ನುಗ್ಗೆ, ಕರಿಬೇವು, ಪಪ್ಪಾಯಿ, ನೆರಳಲ್ಲಿ ಬಸಳೆ, ಇಷ್ಟೇ. ನುಗ್ಗೆಯಲ್ಲಿ ಪಿಕೆಎಂ-1 ಅನ್ನುವ ತಳಿಯ ಬೀಜ ಹಾಕಿದೆವು. ಏಪ್ರಿಲ್‌ನಲ್ಲಿ ಬಾಗಿಲು ಹಾಕುವ ಮುಂಚೆ ಸೊಂಟದೆತ್ತರಕ್ಕೆ ಕಡಿದು ಬಿಡುತ್ತೇವೆ. ಒಂದೆರಡು ಮಳೆ ಬಿದ್ದರೆ ಸಾಕು, ಶಾಲೆ ಶುರುವಾಗುವ ಹೊತ್ತಿಗೆ ಮೈತುಂಬ ಚಿಗುರು. ಕೈ ತೊಳೆಯುವ ನೀರನ್ನು ಜಲ್ಲಿ ಗುಂಡಿ ದಾಟಿಸಿ ಗಿಡಕ್ಕೆ ಬಿಟ್ಟಿದ್ದೇವೆ. ತಟ್ಟೆ ತೊಳೆದ ನೀರು ಬೇಡ. ಅನ್ನದ ಅಗುಳು ಕೊಳೆತು ವಾಸನೆ ಬರುತ್ತದೆ, ಇಲಿ ಬರುತ್ತವೆ.

ಸೊಪ್ಪು ಬಂತು, ಮಕ್ಕಳು ತಿನ್ನಲಿಲ್ಲ! ಒಂದೊಂದೇ ಎಲೆ ಆರಿಸಿ ತಟ್ಟೆಯಂಚಿಗೆ ಸಾಲಾಗಿ ಅಂಟಿಸಿಟ್ಟರು. ನಮ್ಮ ಮುಖ್ಯ ಅಡುಗೆಯವರು ಸಾವಿತ್ರಮ್ಮ "ಪುಡಿ ಮಾಡೋಣ ಸಾರ್" ಅಂದರು. ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಕಡ್ಡಿ ಸಮೇತ 10 ಕೆಜಿ ಸೊಪ್ಪಿಗೆ ಒಂದು ಕೆಜಿ ಮೇಲೆ ಸ್ವಲ್ಪ ಪುಡಿ ಸಿಗುತ್ತದೆ. ಕುದಿಯುವಾಗ ಹಾಕಿದರೆ ಕಹಿ, ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿಡಬೇಕು. ಪುಡಿಯ ಜೊತೆ ಅವರು ಹುರಿದು ಸೇರಿಸುವ ಇನ್ನೊಂದು ಪದಾರ್ಥ ಇದೆ. ಅದು ಸಾವಿತ್ರಮ್ಮನ ಗುಟ್ಟು, ನಾನು ಹೇಳುವ ಹಾಗಿಲ್ಲ. ರುಚಿ ನೋಡಿದ ಅಧಿಕಾರಿಯೊಬ್ಬರು ಇನ್ನೊಂದು ಸೌಟು ಹಾಕಿಸಿಕೊಂಡರು.

ಮಧ್ಯೆ ಅಣಬೆಯನ್ನೂ ಬೆಳೆಸಿ ನೋಡಿದೆವು. ಚೆನ್ನಾಗಿಯೇ ಬಂತು, ಆದರೆ ದಾಸ್ತಾನು ಕೋಣೆಯ ಅಕ್ಕಿ ಮೂಟೆಗೆ ತೇವ ತಗುಲುವ ಭಯದಿಂದ ಕೈಬಿಟ್ಟೆವು. ತೊಗರಿಬೇಳೆ ಒಂದು ಗಂಟೆ ನೆನೆಸುವುದನ್ನು ಮಾತ್ರ ಬಿಟ್ಟಿಲ್ಲ. ಸಿಲಿಂಡರ್ ಎರಡು ಮೂರು ದಿನ ಜಾಸ್ತಿ ಬರುತ್ತದೆ.

ಮಳೆಗಾಲದ ತಿಂಗಳುಗಳಲ್ಲಿ ಈಗ ಎರಡೂವರೆ ಸಾವಿರದ ಹತ್ತಿರ ಉಳಿಯುತ್ತಿದೆ. ಆ ದುಡ್ಡಲ್ಲಿ ಶನಿವಾರದ ಉಪ್ಪಿಟ್ಟಿಗೆ ಕ್ಯಾರೆಟ್, ಬಟಾಣಿ ಬೀಳುತ್ತಿದೆ. ಸೋಮವಾರದ ಊಟಕ್ಕೂ ತರಕಾರಿ ಜಾಸ್ತಿ ಹಾಕಿಸುತ್ತೇನೆ, ಭಾನುವಾರ ಅರೆಹೊಟ್ಟೆಯಲ್ಲಿ ಕಳೆದ ಮಕ್ಕಳು ಅವತ್ತು ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ. ಬೀಜ ಬೇಕಾದವರು ಮೇ ಕೊನೆಯೊಳಗೆ ಬಂದು ತೆಗೆದುಕೊಂಡು ಹೋಗಿ.