ಪೈಪ್ ಬ್ಯಾಂಡಿಗೆ ಶ್ರುತಿ ಕೂಡಿಸುವುದು: ಹೊಸ ಪೈಪ್ ಮೇಜರ್‌ಗೆ

ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ (ಚೀಲದ ಗಾಳಿಯಿಂದ ನುಡಿಯುವ ವಾದ್ಯ) ಸ್ಪರ್ಧೆಗಳಲ್ಲಿ ಕೆಳಗಿನ 4ಬಿ ದರ್ಜೆಯಿಂದ ಮೇಲಿನ ಗ್ರೇಡ್ 1ರವರೆಗೆ ಪೈಪರ್‌ನನ್ನು ಅವನ ಬೆರಳುಗಳು ಕರೆದೊಯ್ಯುತ್ತವೆ. ಪೈಪ್ ಮೇಜರ್ (ಬ್ಯಾಂಡಿನ ಮುಖ್ಯಸ್ಥ) ಆದಮೇಲೆ ಕಿವಿಯದೇ ಕೆಲಸ. ಹದಿನೈದು ಇಪ್ಪತ್ತು ಪೈಪುಗಳು ಒಂದೇ ಪೈಪಿನಂತೆ ಕೇಳಿಸಬೇಕು. ಗ್ಲಾಸ್ಗೋ ಗ್ರೀನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಷ್ಟೇ ಚೆಂದದ ಮೆಡ್ಲಿ (ಹಲವು ಟ್ಯೂನ್‌ಗಳ ಸರಣಿ) ನುಡಿಸಿದರೂ ಶ್ರುತಿ ಕೂಡದಿದ್ದರೆ ಉಪಯೋಗವಿಲ್ಲ.

ಬೆರಳಾಡಿಸುವ ಕೊಳವೆಯೇ ಚಾಂಟರ್, ಅದರಲ್ಲಿ ಒಂಬತ್ತು ಸ್ವರ. ಮೂರು ಡ್ರೋನ್‌ಗಳು ನಮ್ಮ ತಂಬೂರಿಯಂತೆ ಆಧಾರ ಶ್ರುತಿ ಹಿಡಿದಿರುತ್ತವೆ: ಎರಡು ಟೆನರ್‌ಗಳು ಚಾಂಟರ್‌ನ ಆಧಾರ ಸ್ವರವಾದ ಲೋ ಎಗಿಂತ ಒಂದು ಸ್ಥಾಯಿ ಕೆಳಗೆ, ಬೇಸ್ ಎರಡು ಸ್ಥಾಯಿ ಕೆಳಗೆ. ನುಡಿಸುತ್ತಿರುವಾಗ ನಡುವೆ ನಿಂತು ಸರಿಪಡಿಸಿಕೊಳ್ಳಲು ಅವಕಾಶವಿಲ್ಲ.

ಮೊದಲು ಗಾಳಿ. ಸ್ಟಾಕ್‌ಗಳಿಗೆ (ಚೀಲಕ್ಕೆ ಕಟ್ಟಿದ, ಕೊಳವೆಗಳು ಕೂರುವ ಗೂಡುಗಳಿಗೆ) ಬಿರಡೆ ಹಾಕಿ ಚೀಲವನ್ನು ಬಿಗಿಯಾಗಿ ಊದಿ. ಒತ್ತಿದರೂ ಅದು ಕುಗ್ಗಬಾರದು. ಜೋಡಣೆಗಳಿಗೆ ಸುತ್ತಿದ ಹೆಂಪ್ ದಾರ ಸಡಿಲವಾಗಿದ್ದರೆ ಡ್ರೋನ್ ತಾನಾಗಿಯೇ ಜಾರಿ ಶ್ರುತಿ ಕಳೆದುಕೊಳ್ಳುತ್ತದೆ. ಎಲ್ಲರಿಗೂ ಒಂದೇ ಮಾದರಿಯ ಚಾಂಟರ್, ಒಬ್ಬನೇ ಮಾಡಿದ ರೀಡ್ (ಗಾಳಿಗೆ ಕಂಪಿಸಿ ನಾದ ಹುಟ್ಟಿಸುವ ಪಟ್ಟಿ) ಇರಲಿ. ರೀಡ್ ತುಂಬ ಗಟ್ಟಿಯಿದ್ದರೆ ಊದುವವನು ಕೊನೆಯ ಹೊತ್ತಿಗೆ ಸುಸ್ತಾಗಿ ಇಳಿಸ್ವರಕ್ಕೆ ಬೀಳುತ್ತಾನೆ.

ತಣ್ಣಗಿರುವ ಪೈಪಿಗೆ ಶ್ರುತಿ ಕೂಡಿಸಬೇಡಿ. ಕಾಲು ಗಂಟೆಯಾದರೂ ನುಡಿಸಲಿ. ಬಿಸಿಯೇರಿದಂತೆ ಚಾಂಟರ್‌ನ ಸ್ವರ ಏರುತ್ತದೆ. ಈಗಿನ ಬ್ಯಾಂಡ್‌ಗಳ ಲೋ ಎ ಸುಮಾರು 480 ಹರ್ಟ್ಸ್‌ನಲ್ಲಿರುತ್ತದೆ, ಅಂದರೆ ಪಿಯಾನೋದ ಬಿ ಫ್ಲಾಟ್‌ಗಿಂತ (466) ಮೇಲೆ.

ಚಾಂಟರ್ ಮೊದಲು, ಡ್ರೋನ್ ಆಮೇಲೆ. ಲೋ ಎಗೆ ಹೋಲಿಸಿದರೆ ಹೈ ಎ (ಅದರ ಮೇಲಿನ ಸ್ಥಾಯಿಯ ಎ) ಇಳಿದಿದೆಯೇ? ರೀಡನ್ನು ಕೂದಲೆಳೆಯಷ್ಟು ಒಳಗೆ ತಳ್ಳಿ. ಏರಿದೆಯೇ? ಹೊರಗೆ ಎಳೆಯಿರಿ. ರೀಡ್ ಸರಿಸಿದಾಗ ಮೇಲಿನ ಕೈಯ ಸ್ವರಗಳು ಕೆಳಗಿನವಕ್ಕಿಂತ ಹೆಚ್ಚು ಬದಲಾಗುತ್ತವೆ, ಅದಕ್ಕೇ ಈ ಉಪಾಯ ನಡೆಯುತ್ತದೆ. ಇವೆರಡೂ ಕೂಡಿದ ಮೇಲೆ ಉಳಿದ ಸ್ವರಗಳಿಗೆ ಟೇಪ್: ರಂಧ್ರದ ಮೇಲಂಚಿಗೆ ಅಂಟಿಸಿ ಕೆಳಗೆ ಸರಿಸಿದಷ್ಟೂ ಸ್ವರ ಇಳಿಯುತ್ತದೆ. ಅರ್ಧ ರಂಧ್ರ ಮುಚ್ಚಬೇಕಾಗಿ ಬಂದರೆ ತಪ್ಪು ಟೇಪಿನದಲ್ಲ, ರೀಡಿನದು.

ಇಲ್ಲೊಂದು ವಿಷಯ ಚೆನ್ನಾಗಿ ಗಮನಿಸಿ. ಪೈಪ್ ಮೇಜರ್ ಸ್ವರ ಅಳೆಯುವ ಟ್ಯೂನರ್ ಹಿಡಿದು ಎದುರಿಗೆ ಬಂದು ನಿಂತ ಕೂಡಲೇ ಪೈಪರ್‌ನ ತೋಳು ಮೆತ್ತಗಾಗುತ್ತದೆ. ಒತ್ತಡ ಕಡಿಮೆಯಾದರೆ ಚಾಂಟರ್ ಇಳಿಯುತ್ತದೆ. ನೀವು ಅದನ್ನು ಏರಿಸಿಬಿಡುತ್ತೀರಿ. ಆಮೇಲೆ ಅವನು ಸ್ಪರ್ಧೆಯ ವೃತ್ತದಲ್ಲಿ ಮೈತುಂಬ ಊದಿದಾಗ ಸ್ವರ ಚೀರುತ್ತದೆ. ಆದ್ದರಿಂದ ಒಂಟಿ ಸ್ವರ ಊದಿಸಿ ಅಳೆಯಬೇಡಿ. ಒಂದು ಮಾರ್ಚ್ ನುಡಿಸುತ್ತಿರಲಿ, ನೀವು ಪಕ್ಕದಲ್ಲಿ ನಿಂತು ಕೇಳಿ, ಅದೇ ಉಸಿರಿನಲ್ಲಿ ಲೋ ಎ ಹಿಡಿಯಲು ಹೇಳಿ.

ಡ್ರೋನ್‌ಗೆ: ಬೇಸ್ ಮತ್ತು ನಡುವಿನ ಟೆನರ್ ನಿಲ್ಲಿಸಿ, ಹೊರಗಿನ ಟೆನರ್ ಅನ್ನು ಲೋ ಎಗೆ ಕೂಡಿಸಿ. ಶ್ರುತಿ ತಪ್ಪಿದ್ದರೆ ನಾದ ಅಲೆಯಲೆಯಾಗಿ ಕೇಳಿಸುತ್ತದೆ. ಮೇಲಿನ ತುಂಡನ್ನು ಮೇಲಕ್ಕೆ ಎಳೆದರೆ ಸ್ವರ ಇಳಿಯುತ್ತದೆ, ಕೆಳಕ್ಕೆ ಒತ್ತಿದರೆ ಏರುತ್ತದೆ. ಅಲೆ ನಿಧಾನವಾದರೆ ದಾರಿ ಸರಿ, ಜೋರಾದರೆ ಹಿಂದಕ್ಕೆ ತಿರುಗಿಸಿ. ಅಲೆ ನಿಂತ ಮೇಲೆ ನಡುವಿನ ಟೆನರ್ ಅನ್ನು ಇದಕ್ಕೆ, ಕೊನೆಗೆ ಬೇಸ್ ಅನ್ನು ಎರಡಕ್ಕೂ ಸೇರಿಸಿ.

ಸರದಿಗೆ ಕಾಯುವಾಗ ಮೋಡ ಕವಿದು ಮಳೆ ಬರುವುದು ಸ್ಕಾಟ್ಲೆಂಡಿನಲ್ಲಿ ಮಾಮೂಲು. ಹತ್ತು ನಿಮಿಷ ಸುಮ್ಮನೆ ನಿಂತರೆ ಪೈಪುಗಳು ಒಂದೊಂದು ಒಂದೊಂದು ಅಳತೆಗೆ ಇಳಿಯುತ್ತವೆ. ನಡುನಡುವೆ ನುಡಿಸುತ್ತಲೇ ಇರಿ, ಕೊನೆಯ ಪರೀಕ್ಷೆ ಸ್ಪರ್ಧೆಗೆ ಹೊರಡುವ ಗೆರೆಯ ಹತ್ತಿರವೇ ಆಗಲಿ.

ಇನ್ನು ಆರಂಭ. ಡ್ರಮ್‌ಗಳ ಎರಡನೇ ರೋಲ್‌ಗೆ (ಒಂದೇ ಸಮನೆಯ ಬಡಿತಕ್ಕೆ) ಎಲ್ಲರ ಡ್ರೋನ್‌ಗಳೂ ಒಟ್ಟಿಗೆ ಏಳಬೇಕು, ಆಮೇಲೆ ಇ ಸ್ವರ, ಆಮೇಲೆ ಟ್ಯೂನ್. ಒಬ್ಬನ ಚಾಂಟರ್ ಮುಂಚೆ ಕೀರಲಿದರೂ ತೀರ್ಪುಗಾರರು ಬರೆದುಕೊಳ್ಳುತ್ತಾರೆ. ಕೊನೆಯಲ್ಲಿ ಎಲ್ಲರೂ ನಿಂತ ಮೇಲೆ ಒಂಟಿ ಡ್ರೋನ್ ನರಳಿದರೂ ಅಷ್ಟೇ. ಪ್ರತಿ ತಾಲೀಮಿನಲ್ಲೂ ಟ್ಯೂನ್ ಬದಿಗಿಟ್ಟು ಈ ಆರಂಭ, ಈ ನಿಲುಗಡೆ ಎರಡನ್ನೇ ಹತ್ತು ಸಲ ಮಾಡಿಸಿ.