ಪಂಚೆಯ ಮೇಲಿನ ಬಿಳಿ ಪತಂಗ

ನಾಟಿ ಮುಗಿದು ಎರಡು ಮೂರು ವಾರಕ್ಕೆ ನಮ್ಮ ಜಗಲಿಯ ದೀಪಕ್ಕೆ ಬಿಳಿ ಪತಂಗಗಳು ಬರತೊಡಗುತ್ತವೆ. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ದೀಪದ ಹುಳಕ್ಕೇನು ಬರವೇ? ಎಷ್ಟೋ ವರ್ಷ ಇವನ್ನೆಲ್ಲ ಭತ್ತದ ಕಾಂಡಕೊರಕದ ಲೆಕ್ಕಕ್ಕೇ ಸೇರಿಸಿದ್ದೆ.

ಒಂದು ರಾತ್ರಿ ಗೋಡೆಗೆ ಬಿಳಿ ಪಂಚೆ ಕಟ್ಟಿ, ಭೂತಗನ್ನಡಿ ಹಿಡಿದು ಕೂತೆ. ಕಾಂಡಕೊರಕದ ಹೆಣ್ಣು ಒಣಹುಲ್ಲಿನ ಹಳದಿ. ಎರಡೂ ಮುಂದಿನ ರೆಕ್ಕೆಗೆ ದೃಷ್ಟಿಬೊಟ್ಟಿನಂತೆ ಒಂದೊಂದೇ ಕಪ್ಪು ಚುಕ್ಕೆ. ಪಕ್ಕದಲ್ಲಿದ್ದದ್ದು ಹಾಲುಬಿಳಿ, ರೆಕ್ಕೆ ಬಿಚ್ಚಿದರೂ ಒಂದೂವರೆ ಸೆಂಟಿಮೀಟರ್ ಆಸುಪಾಸು. ದೃಷ್ಟಿಬೊಟ್ಟು ಇಲ್ಲ, ತೆಳು ಕಂದು ಗೆರೆ, ಸಣ್ಣ ಚುಕ್ಕಿಗಳು. ಭತ್ತದ ಎಲೆ ತಿನ್ನುವ ಇನ್ನೊಂದು ಹುಳದ ಪತಂಗ, ಪಾರಾಪಾಯಿಂಕ್ಸ್ ಸ್ಟ್ಯಾಗ್ನಾಲಿಸ್ ಇರಬೇಕು ಅನ್ನಿಸಿತು. ಆದರೆ ಇದರ ದಾಯಾದಿಗಳೂ ಹೀಗೇ ಬೆಳ್ಳಗಿರುವುದರಿಂದ ರೆಕ್ಕೆಯೊಂದನ್ನೇ ನಂಬಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಗದ್ದೆಗಿಳಿದೆ. ನೀರು ನಿಂತ ತಗ್ಗಿನ ಮೂಲೆಯಲ್ಲಿ ಸಸಿಗಳ ಎಲೆತುದಿ ಕತ್ತರಿ ಆಡಿಸಿದಂತೆ ಮೊಂಡು; ಉಳಿದ ಎಲೆಯಲ್ಲಿ ಹಸಿರು ಕೆರೆದು ಬಿಳಿ ಪೊರೆಯಷ್ಟೇ ಬಿಟ್ಟ ಏಣಿಯಂಥ ಗುರುತು. ನೀರ ಮೇಲೆ ಎಲೆ ಸುತ್ತಿದ ಪುಟ್ಟ ಕೊಳವೆಗಳು ತೇಲುತ್ತಿದ್ದವು. ಇವನ್ನೇ ನಾವು ಕೊಳವೆ ಹುಳ ಅನ್ನುವುದು.

ಹತ್ತು ಕೊಳವೆ ತಂದು ಒಣ ಡಬ್ಬಿಯಲ್ಲಿ ಎಲೆ ಹಾಕಿಟ್ಟೆ. ಎರಡನೇ ದಿನಕ್ಕೆ ಎಲ್ಲವೂ ಸತ್ತಿದ್ದವು. ಒಂದನ್ನು ಬಿಡಿಸಿದೆ: ಒಳಗೆ ರೇಷ್ಮೆಯ ಅಸ್ತರು, ತಿಳಿಹಸಿರು ಹುಳ, ಮೈಯ ಎರಡೂ ಬದಿಗೆ ದಾರದೆಳೆಯಂಥ ಕಿವಿರು! ಪತಂಗದ ಮರಿಗೆ ಕಿವಿರು ಅಂದರೆ ನಾನೂ ನಂಬುತ್ತಿರಲಿಲ್ಲ. ಅದು ಒಯ್ಯುವ ಕೊಳವೆಯೊಳಗೆ ಸದಾ ನೀರಿರಬೇಕು, ಉಸಿರಾಟ ಅದರಲ್ಲೇ.

‘ನೀರು ಕಡಿದರೆ ಸಾಯ್ತದೆ ಅಂತ ನಮಗೆ ಗೊತ್ತಿಲ್ದೇ ಬದುವಿನ ಕಂಡಿ ತೆಗೀತೀವನಾ?’ ಅಂದರು ಅಪ್ಪಯ್ಯ. ಇಬ್ಬರು ಹಗ್ಗದ ತುದಿ ಹಿಡಿದು ಸಸಿಗಳ ಮೇಲೆ ಎಳೆದು ಕೊಳವೆ ಉದುರಿಸುವುದು, ಆಮೇಲೆ ಕಂಡಿ ಬಿಡಿಸಿ ಗದ್ದೆಯನ್ನು ಕೆಲವು ದಿನ ಒಣಗಿಸುವುದು ನಮ್ಮಲ್ಲಿ ಹಳೇ ಕ್ರಮ. ಔಷಧಿ ಡಬ್ಬಿಗಿಂತ ನನಗೆ ಇದೇ ವಾಸಿ.

ಎರಡನೇ ಸಲ ಬೇಸಿನ್ನಿಗೆ ಗದ್ದೆನೀರು ತುಂಬಿ, ಸಸಿ ಊರಿ, ಹುಳ ಬಿಟ್ಟೆ. ಹಗಲು ತೇಲಿಕೊಂಡಿದ್ದವು ಕತ್ತಲಾದ ಮೇಲೆ ಕೊಳವೆ ಸಮೇತ ಎಲೆ ಹತ್ತಿದವು. ಕೊನೆಗೆ ಬುಡದ ಹತ್ತಿರ, ನೀರಿನಿಂದ ತುಸು ಮೇಲೆ ಕೊಳವೆಯನ್ನು ಕಾಂಡಕ್ಕೆ ಅಂಟಿಸಿ ಕೋಶವಾದವು. ನಾಲ್ಕು ಪತಂಗ ಹೊರಬಂದವು. ಪಂಚೆಯ ಮೇಲೆ ಕಂಡದ್ದಕ್ಕೂ ಇವಕ್ಕೂ ಒಂದು ಗೆರೆ ಹೆಚ್ಚುಕಡಿಮೆ ಇರಲಿಲ್ಲ.

‘ಊರವರೆಲ್ಲ ಹುಳ ಹೊಡೀತಾರೆ, ನಮ್ಮವನು ಬೇಸಿನ್ನಲ್ಲಿ ಸಾಕ್ತಾನೆ’ ಎಂದು ಅಪ್ಪಯ್ಯ ಬಂದವರಿಗೆಲ್ಲ ಹೇಳುವುದು ಇನ್ನೂ ನಿಂತಿಲ್ಲ.